ಭಾಷೆ ಬೇಕು, ಸಾಹಿತ್ಯ ಬೇಡವೇ?

ಇಂಗ್ಲಿಷ್ ಬೇಡ ಎನ್ನುವ ಮುಸ್ಲಿಮ್ ಮನೆ ಇಂದು ಕೊಡಗಿನ ಯಾವ ಪೇಟೆಯಲ್ಲೂ ಕಾಣಸಿಗದು. ಮಡಿಕೇರಿಯಿರಲಿ, ವಿರಾಜಪೇಟೆಯಿರಲಿ, ಸುಂಟಿಕೊಪ್ಪ, ಸಿದ್ದಾಪುರ, ನಾಪೋಕ್ಲು, ಕುಶಾಲನಗರವಿರಲಿ, ಮೂರು ವರ್ಷದ ಮಗುವಿನ ಕೊರಳಿಗೆ ಟೈ ಕಟ್ಟಿ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನಕ್ಕೆ ಹತ್ತಿಸುವ ದೃಶ್ಯ ಎಲ್ಲೆಡೆ ಸಾಮಾನ್ಯ. ಅದರ ಶುಲ್ಕಕ್ಕಾಗಿ ತಂದೆ ಗಲ್ಫಿನ ಬಿಸಿಲಿನಲ್ಲಿ ದುಡಿಯುತ್ತಾನೆ. ತಾಯಿ ಕೈಬಳೆ ಅಡವಿಡುತ್ತಾಳೆ. ಈ ತ್ಯಾಗವನ್ನು ನಾವು ಗೌರವಿಸುತ್ತೇವೆ. ಆದರೆ ಅದೇ ಮಗು ಹದಿನೈದು ವರ್ಷಗಳ ಬಳಿಕ ಪಿಯುಸಿ ಮುಗಿಸಿ, ತಾನು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದುವುದಾಗಿ ಹೇಳಿದರೆ ಮನೆಯಲ್ಲಿ ಮೌನ ಕವಿಯುತ್ತದೆ. ಅಂಕ ಕಡಿಮೆ ಬಂತೇ ಎಂದು ಬಂಧುಗಳು ವಿಚಾರಿಸುತ್ತಾರೆ. ಕಥೆ-ಕವಿತೆ ಓದಿ ಯಾರ ಹೊಟ್ಟೆ ತುಂಬೀತು ಎಂದು ಚಿಕ್ಕಪ್ಪ ಕೇಳುತ್ತಾರೆ. ದೀನಿಗೆ ಕೇಡು ಎಂದು ನೆರೆಮನೆಯ ಹಿರಿಯರು ಎಚ್ಚರಿಸುತ್ತಾರೆ. ಮಗಳಾಗಿದ್ದರೆ, ‘ಇರಲಿ ಬಿಡಿ, ನಿಕಾಹ್ ಆಗುವ ತನಕ ಏನಾದರೊಂದು ಓದಲಿ’ ಎಂಬ ಉದಾರ ತೀರ್ಪು ಹೊರಬೀಳುತ್ತದೆ.

ಅಂದರೆ ನಮಗೆ ಬೇಕಾಗಿರುವುದು ಇಂಗ್ಲಿಷ್ ನಾಲಗೆ ಮಾತ್ರ. ಆ ಭಾಷೆ ಏನು ಯೋಚಿಸಿತು, ಯಾರ ಬಗ್ಗೆ ಏನು ಬರೆಯಿತು, ನಮ್ಮನ್ನು ಹೇಗೆ ಚಿತ್ರಿಸಿತು ಎಂಬ ಅರಿವು ಬೇಡ. ಅರ್ಜಿ ತುಂಬಲು, ಸಂದರ್ಶನದಲ್ಲಿ ತಡವರಿಸದೆ ಮಾತಾಡಲು, ದುಬೈಯ ಕಚೇರಿಯಲ್ಲಿ ಪತ್ರ ಟೈಪ್ ಮಾಡಲು ಬೇಕಾದಷ್ಟು ಇಂಗ್ಲಿಷ್ ಸಾಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಈ ತೀರ್ಮಾನ ತಪ್ಪು ಎಂದಷ್ಟೇ ಅಲ್ಲ, ಅಪಾಯಕಾರಿ ಎಂದೂ ಹೇಳಬೇಕಾಗಿದೆ. ಯಾವ ಸಮುದಾಯದ ಕುರಿತು ಇತರರು ಇಂಗ್ಲಿಷಿನಲ್ಲಿ ಬರೆದದ್ದೇ ಅಧಿಕವೋ, ಆ ಸಮುದಾಯಕ್ಕೆ ಇಂಗ್ಲಿಷನ್ನು ಆಳವಾಗಿ ಓದಬಲ್ಲವರ ಅಗತ್ಯ ಉಳಿದೆಲ್ಲರಿಗಿಂತ ಹೆಚ್ಚು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕೊಡಗಿನಿಂದಲೇ ಒಂದು ಉದಾಹರಣೆ ಕೊಡಬಹುದು.

ಕೊಡಗಿನ ಬದುಕು ನಿಂತಿರುವುದು ಕಾಫಿಯ ಮೇಲೆ. ಈ ಬೆಳೆಯನ್ನು ಇಲ್ಲಿಗೆ ತಂದವರು ಯಾರು ಎಂದು ಕೇಳಿದರೆ ಬಹುತೇಕ ಮಂದಿ ಬ್ರಿಟಿಷರ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥರಾಗಿದ್ದ ಜರ್ಮನ್ ಪಾದ್ರಿ ರಿಕ್ಟರ್ 1870ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮೂಲಕ ಪ್ರಕಟಿಸಿದ ‘ಮ್ಯಾನುವಲ್ ಆಫ್ ಕೂರ್ಗ್’ ಎಂಬ ಇಂಗ್ಲಿಷ್ ಗ್ರಂಥ ಬೇರೆಯೇ ಸಂಗತಿಯನ್ನು ದಾಖಲಿಸುತ್ತದೆ. ಅರಸರ ಕಾಲದಲ್ಲಿಯೇ ನಾಲ್ಕುನಾಡಿನ ಬಳಿ ಭೂಮಿ ಪಡೆದಿದ್ದ ಮಾಪಿಳ್ಳೆಗಳು ಯಮನಿನ ಮೋಕಾ ಬಂದರಿನಿಂದ ತಂದ ಬೀಜದಿಂದ ಕಾಫಿ ಬೆಳೆದಂತೆ ತೋರುತ್ತದೆ ಎಂಬುದು ಅದರ ಸಾರ. ಮುಂದುವರಿದು, ಆ ಮಾಪಿಳ್ಳೆಗಳು ತಮ್ಮ ಯಶಸ್ಸನ್ನು ಬಚ್ಚಿಟ್ಟರು. ಈ ಗಿಡ ಬೆಳೆದರೆ ಕೊಡವರ ಪ್ರಾಣಕ್ಕೇ ಅಪಾಯ ಎಂಬ ಕಥೆ ಕಟ್ಟಿ ಮುಗ್ಧರನ್ನು ನಂಬಿಸಿದರು ಎಂದೂ ಅದು ಹೇಳುತ್ತದೆ.

ಓದುಗರು ಈ ವಾಕ್ಯಗಳನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಕೊಡಗಿಗೆ ಕಾಫಿ ತಂದ ಕೀರ್ತಿಯೂ ಮಾಪಿಳ್ಳೆಗೇ, ಕೊಡವರನ್ನು ವಂಚಿಸಿದ ಅಪಕೀರ್ತಿಯೂ ಮಾಪಿಳ್ಳೆಗೇ. ಒಂದೇ ಉಸಿರಿನಲ್ಲಿ ನಮ್ಮ ಪೂರ್ವಜರು ಕೃಷಿಕರೂ ಆದರು, ಕಪಟಿಗಳೂ ಆದರು. ಕೊಡವರಿಗೂ ಇಲ್ಲಿ ನ್ಯಾಯ ಸಿಕ್ಕಿಲ್ಲ. ಅವರನ್ನು ಹೇಳಿದ್ದೆಲ್ಲವನ್ನೂ ನಂಬುವ ಮುಗ್ಧರೆಂದು ಚಿತ್ರಿಸಲಾಗಿದೆ. ಈ ಕಥೆಯನ್ನು ಲೇಖಕನಿಗೆ ಹೇಳಿದವರು ಯಾರು? ಮಾಪಿಳ್ಳೆಗಳಲ್ಲಿ ಒಬ್ಬರನ್ನಾದರೂ ಆತ ಕೇಳಿದನೇ? ಯುರೋಪಿಯನ್ ತೋಟಗಾರರು 1850ರ ದಶಕದಿಂದ ಕಾಡು ಕಡಿದು ತೋಟ ಎಬ್ಬಿಸುತ್ತಿದ್ದ ಕಾಲದಲ್ಲಿ, ಸ್ಥಳೀಯರು ಮೋಸಗಾರರು ಇಲ್ಲವೇ ಮುಗ್ಧರು ಎಂಬ ಚಿತ್ರದಿಂದ ಯಾರಿಗೆ ಅನುಕೂಲ? ‘ತೋರುತ್ತದೆ’ ಎಂಬ ಅನುಮಾನದ ಕ್ರಿಯಾಪದ ಎಲ್ಲಿ ಬಂದಿದೆ, ಎಲ್ಲಿ ಬಿಟ್ಟುಹೋಗಿದೆ?

ಇಂತಹ ಪ್ರಶ್ನೆಗಳನ್ನು ಕೇಳುವುದನ್ನು ಕಲಿಸುವ ವಿದ್ಯೆಗೇ ಸಾಹಿತ್ಯದ ಅಧ್ಯಯನ ಎಂದು ಹೆಸರು. ಹೇಳುತ್ತಿರುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ, ಯಾರನ್ನು ಮಾತನಾಡಗೊಡುವುದಿಲ್ಲ, ಯಾವ ಪದವನ್ನು ಯಾಕೆ ಆರಿಸಿಕೊಂಡ ಎಂದು ಪುಟವೊಂದನ್ನು ಬಿಡಿಸಿ ನೋಡುವ ಅಭ್ಯಾಸ ಅದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ. ವಾಣಿಜ್ಯ ಪದವಿಯಲ್ಲೂ ಕಲಿಸುವುದಿಲ್ಲ. ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಎಂದು ಫಲಕ ಹಾಕಿದ ಕೋಚಿಂಗ್ ಕೇಂದ್ರಗಳಿಗಂತೂ ಇದರ ಗಂಧವೇ ಇಲ್ಲ. ಹಾಗಾಗಿಯೇ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಮಂದಿ ಇದ್ದರೂ ನಮ್ಮ ಕುರಿತು ಇಂಗ್ಲಿಷಿನಲ್ಲಿ ಬರೆದದ್ದನ್ನು ಪರಿಶೀಲಿಸಬಲ್ಲವರು ವಿರಳ.

ಇದರ ಬೆಲೆಯನ್ನು ಕೊಡಗು ರಕ್ತದಲ್ಲಿಯೇ ತೆತ್ತಿದೆ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಹೆಸರಿನಲ್ಲಿ ಮಡಿಕೇರಿಯಲ್ಲಿ ಭುಗಿಲೆದ್ದ ಗಲಭೆಯನ್ನೂ ಜೀವಹಾನಿಯನ್ನೂ ಯಾರೂ ಮರೆತಿಲ್ಲ. 2019ರ ಜುಲೈಯಲ್ಲಿ ರಾಜ್ಯ ಸರಕಾರ ಆ ಆಚರಣೆಯನ್ನೇ ಕೈಬಿಟ್ಟಿತು. ಆದರೆ ವಾದ ಮುಗಿಯಲಿಲ್ಲ. ಟಿಪ್ಪು ಕೊಡಗಿನಲ್ಲಿ ನಡೆಸಿದ ಯುದ್ಧಗಳ ನೋವು ಕೊಡವರ ನೆನಪಿನಲ್ಲಿ ಇಂದಿಗೂ ಇದೆ. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಸೆರೆಯಾದವರ ಸಂಖ್ಯೆಯ ಕುರಿತು ವೇದಿಕೆಗಳಲ್ಲಿ ಎಸೆಯಲಾಗುವ ಅಂಕಿಗಳು ಎಲ್ಲಿಂದ ಬಂದವು, ಮೂಲದಿಂದ ಮೂಲಕ್ಕೆ ಅವು ಯಾಕೆ ಬದಲಾಗುತ್ತವೆ ಎಂದು ಕೇಳಿದರೆ ಎರಡೂ ಕಡೆಯವರು ತಡವರಿಸುತ್ತಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಚರಿತ್ರೆ 1810ರಿಂದ 1817ರ ನಡುವೆ ಪ್ರಕಟವಾಯಿತು. ಶ್ರೀರಂಗಪಟ್ಟಣವನ್ನು ಗೆದ್ದ ಪಕ್ಷದ ಅಧಿಕಾರಿ ಆತ. ಕಿರ್ಮಾನಿಯ ಪಾರಸಿ ಬರಹ ನಮ್ಮನ್ನು ತಲುಪಿದ್ದು ಕರ್ನಲ್ ಮೈಲ್ಸ್‌ನ ಇಂಗ್ಲಿಷ್ ಅನುವಾದದ ಮೂಲಕ. ಆಸ್ಥಾನದ ಲೇಖಕನಿಗೆ ಒಡೆಯನ ಪ್ರತಾಪವನ್ನು ಹಿಗ್ಗಿಸುವ ಚಪಲ. ಗೆದ್ದ ಸೇನೆಯ ಲೇಖಕನಿಗೆ ಸೋತವನ ಕ್ರೌರ್ಯವನ್ನು ಹಿಗ್ಗಿಸುವ ಚಪಲ. ಈ ಎರಡು ಚಪಲಗಳ ನಡುವೆ ಸತ್ಯ ಎಷ್ಟು ಎಂದು ತೂಗಿ ನೋಡಲು ಗಂಟಲು ಸಾಲದು, ಓದು ಬೇಕು. ಆ ಓದುಳ್ಳ ಹತ್ತು ಮಂದಿ ಯುವಕ-ಯುವತಿಯರು ಜಿಲ್ಲೆಯಲ್ಲಿದ್ದಿದ್ದರೆ ಕೊಡವ ಗೆಳೆಯರೊಡನೆ ಕುಳಿತು ಪುಸ್ತಕ ಬಿಚ್ಚಿ ಮಾತನಾಡುವ ಒಂದು ದಾರಿಯಾದರೂ ತೆರೆದಿರುತ್ತಿತ್ತು.

ಜಗತ್ತಿನ ಮಟ್ಟದಲ್ಲಿ ನೋಡಿದರೂ ಇದೇ ಪಾಠ. ಅರಬರನ್ನೂ ಮುಸ್ಲಿಮರನ್ನೂ ಪಾಶ್ಚಾತ್ಯ ವಿದ್ವತ್ತು ಹೇಗೆ ವಿರೂಪಗೊಳಿಸಿತು ಎಂಬುದನ್ನು ಅದರದೇ ಅಂಗಳದಲ್ಲಿ ನಿಂತು ತೋರಿಸಿದ ಗ್ರಂಥ 1978ರ ‘ಓರಿಯಂಟಲಿಸಂ’. ಅದನ್ನು ಬರೆದ ಎಡ್ವರ್ಡ್ ಸೈದ್ ಜೆರುಸಲೇಮಿನಲ್ಲಿ ಹುಟ್ಟಿದ ಫೆಲೆಸ್ತೀನಿ ಕ್ರೈಸ್ತ. ಅವರು ಸೇನಾನಿಯಾಗಿರಲಿಲ್ಲ, ರಾಜತಂತ್ರಜ್ಞರೂ ಆಗಿರಲಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದರು. ಕಾದಂಬರಿ ಓದುವ ಕಣ್ಣಿನಿಂದಲೇ ಅವರು ಸಾಮ್ರಾಜ್ಯವನ್ನು ಓದಿದರು. ಜೇನ್ ಆಸ್ಟಿನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯ ಶ್ರೀಮಂತ ಮನೆಯ ನೆಮ್ಮದಿಯ ಹಿಂದೆ ದೂರದ ಆಂಟಿಗುವಾ ದ್ವೀಪದ ತೋಟ ಇದೆ ಎಂಬುದನ್ನು 1993ರ ತಮ್ಮ ಇನ್ನೊಂದು ಗ್ರಂಥದಲ್ಲಿ ಅವರು ಎತ್ತಿ ತೋರಿಸಿದರು. ತೋಟದ ಬಂಗಲೆಯನ್ನೂ ಅದರ ಕೆಳಗಿನ ಲೈನ್ ಮನೆಗಳನ್ನೂ ದಿನವೂ ನೋಡುತ್ತಾ ಬೆಳೆದ ಕೊಡಗಿನ ಹುಡುಗನಿಗೋ ಹುಡುಗಿಗೋ ಈ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿದೆಯೇ? ಲಂಡನ್ನಿನ ವಿದ್ಯಾರ್ಥಿ ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕಾದುದು ನಮ್ಮ ಮಕ್ಕಳಿಗೆ ಕಿಟಕಿ ತೆರೆದರೆ ಕಾಣುತ್ತದೆ.

ಗಾಝಾದ ಇಸ್ಲಾಮಿಕ್ ವಿಶ್ವವಿದ್ಯಾನಿಲಯದಲ್ಲಿ ಶೇಕ್ಸ್‌ಪಿಯರನನ್ನೂ ಜಾನ್ ಡನ್‌ನನ್ನೂ ಬೋಧಿಸುತ್ತಿದ್ದ ರಿಫಅತ್ ಅಲ್‌ಅರೀರ್ ಅವರನ್ನೂ ಇಲ್ಲಿ ನೆನೆಯಬೇಕು. ತಮ್ಮ ವಿದ್ಯಾರ್ಥಿಗಳಿಂದ ಇಂಗ್ಲಿಷಿನಲ್ಲಿ ಕಥೆ ಬರೆಸಿ 2014ರಲ್ಲಿ ‘ಗಾಝಾ ರೈಟ್ಸ್ ಬ್ಯಾಕ್’ ಎಂಬ ಸಂಕಲನ ಹೊರತಂದವರು ಅವರು. 2023ರ ಡಿಸೆಂಬರ್ 6ರಂದು ಇಸ್ರೇಲಿನ ವಾಯುದಾಳಿ ಅವರನ್ನೂ ಅವರ ಕುಟುಂಬದ ಹಲವರನ್ನೂ ಕೊಂದಿತು. ಅವರು ಬರೆದಿದ್ದ ಒಂದು ಪುಟ್ಟ ಇಂಗ್ಲಿಷ್ ಕವಿತೆ ಆ ಬಳಿಕ ಹತ್ತಾರು ಭಾಷೆಗಳಿಗೆ ಅನುವಾದಗೊಂಡು ಜಗತ್ತಿನ ಬೀದಿಗಳಲ್ಲಿ ಓದಲ್ಪಟ್ಟಿತು. ಗಾಝಾದ ಹೆಸರಿನಲ್ಲಿ ಕಣ್ಣೀರಿಡುವ ನಮ್ಮ ಮನೆಗಳು ಒಂದು ಮಾತು ಯೋಚಿಸಲಿ. ಬಾಂಬಿನ ಕೆಳಗೆ ಕುಳಿತವರಿಗೆ ಇಂಗ್ಲಿಷ್ ಸಾಹಿತ್ಯ ಅನಗತ್ಯ ಎನಿಸಲಿಲ್ಲ. ಸಿದ್ದಾಪುರದಲ್ಲಿ ಮಳಿಗೆ ನಡೆಸುತ್ತಾ ನೆಮ್ಮದಿಯಿಂದಿರುವವರಿಗೆ ಅದು ಯಾಕೆ ಅನಗತ್ಯ ಎನಿಸುತ್ತದೆ?

ಈಗ ಆಕ್ಷೇಪಗಳತ್ತ ಬರೋಣ. ಮೊದಲನೆಯದು ಧರ್ಮದ ಆಕ್ಷೇಪ. ಇಂಗ್ಲಿಷ್ ಸಾಹಿತ್ಯ ಓದಿದವರು ದೀನಿನಿಂದ ದೂರವಾಗುತ್ತಾರೆ ಎಂಬ ಭಯ. ಈ ಭಯವನ್ನು ವ್ಯಕ್ತಪಡಿಸುವ ಎಷ್ಟೋ ಮನೆಗಳ ಕಪಾಟಿನಲ್ಲಿ ಕುರ್‌ಆನಿನ ಇಂಗ್ಲಿಷ್ ಅನುವಾದ ಇರುತ್ತದೆ. ಅದು ಮಾರ್ಮಡ್ಯೂಕ್ ಪಿಕ್ತಾಲ್ ಅವರದ್ದಾಗಿದ್ದರೆ, ಆ ಮಹನೀಯರು ಯಾರೆಂದು ಕೇಳಿ ನೋಡಿ. 1930ರಲ್ಲಿ ಆ ಅನುವಾದವನ್ನು ಪ್ರಕಟಿಸುವ ಮೊದಲೇ ಅವರು ಹೆಸರಾಂತ ಇಂಗ್ಲಿಷ್ ಕಾದಂಬರಿಕಾರರು. 1917ರಲ್ಲಿ ಇಸ್ಲಾಮ್ ಸ್ವೀಕರಿಸಿ, ಹೈದರಾಬಾದಿನಲ್ಲಿ ನಿಝಾಮರ ಸೇವೆಯಲ್ಲಿದ್ದುಕೊಂಡು ಆ ಕೆಲಸ ಪೂರೈಸಿದರು. ದಿಲ್ಲಿಯ ಮುಸ್ಲಿಮ್ ಬದುಕಿನ ಅವಸಾನವನ್ನು ಚಿತ್ರಿಸುವ ‘ಟ್ವಿಲೈಟ್ ಇನ್ ಡೆಲ್ಲಿ’ ಎಂಬ ಇಂಗ್ಲಿಷ್ ಕಾದಂಬರಿಯನ್ನು 1940ರಲ್ಲಿ ಬರೆದ ಅಹ್ಮದ್ ಅಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 1984ರಲ್ಲಿ ಅವರ ಕುರ್‌ಆನ್ ಅನುವಾದವೂ ಹೊರಬಂತು. ಕವಿ ಇಕ್ಬಾಲ್ ಲಾಹೋರಿನಲ್ಲಿ ಬಿ.ಎ. ಓದಿದಾಗ ಇಂಗ್ಲಿಷ್ ಸಾಹಿತ್ಯವೂ ಅವರ ವಿಷಯಗಳಲ್ಲಿ ಒಂದಾಗಿತ್ತು. ಇವರ ವಿಶ್ವಾಸವನ್ನು ಶೇಕ್ಸ್‌ಪಿಯರ್ ಕದ್ದೊಯ್ದನೇ?

ಸಲ್ಮಾನ್ ರುಶ್ದಿಯ ಹೆಸರು ಹೇಳಿ ಹೆದರಿಸುವವರೂ ಇದ್ದಾರೆ. ಒಂದು ಕೆಟ್ಟ ಪುಸ್ತಕ ಬಂದಿತೆಂದು ಪುಸ್ತಕಗಳಿಗೆಲ್ಲ ಬೆನ್ನು ತಿರುಗಿಸುವವರು, ಮುಂದಿನ ಪುಸ್ತಕ ಬಂದಾಗಲೂ ಬೀದಿಗಿಳಿಯುವುದನ್ನು ಬಿಟ್ಟು ಬೇರೇನೂ ಮಾಡಲಾರರು. ಬರಹಕ್ಕೆ ಬರಹದ ಉತ್ತರ ಕೊಡಬೇಕಾದರೆ ಮೊದಲು ಅದನ್ನು ಓದಬಲ್ಲ ಶಕ್ತಿ ಬೇಕು. ನಮ್ಮ ಮೊದಲ ದಿವ್ಯವಾಣಿಯೇ ಓದಿನ ಆದೇಶ ಎಂದು ಪ್ರತಿ ಸಮ್ಮೇಳನದಲ್ಲೂ ಮೈಕಿನ ಮುಂದೆ ಹೇಳುತ್ತೇವೆ. ಮನೆಗೆ ಬಂದು ಮಗಳ ಕೈಯಲ್ಲಿ ಕಾದಂಬರಿ ಕಂಡರೆ, ‘ಅದನ್ನು ಮುಚ್ಚಿಟ್ಟು ಏನಾದರೂ ಓದು’ ಎನ್ನುತ್ತೇವೆ.

ಎರಡನೆಯದು ಸ್ವಾಭಿಮಾನದ ಆಕ್ಷೇಪ. ಇದು ಆಳಿದವರ ಸಾಹಿತ್ಯವಲ್ಲವೇ ಎಂಬ ಪ್ರಶ್ನೆ. ಇದರಲ್ಲಿ ಸತ್ಯವಿದೆ. ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಮೆಕಾಲೆ ತನ್ನ ಕುಖ್ಯಾತ ಟಿಪ್ಪಣಿ ಬರೆದು, ಅರಬಿ ಮತ್ತು ಸಂಸ್ಕೃತದ ಇಡೀ ವಿದ್ಯೆಯನ್ನು ಯುರೋಪಿನ ಪುಸ್ತಕಗಳ ಮುಂದೆ ತುಚ್ಛೀಕರಿಸಿದ. ಆಳುವವರಿಗೆ ಒಗ್ಗುವ ನೌಕರರನ್ನು ಸೃಷ್ಟಿಸುವ ಆ ಯೋಜನೆಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೂ ಪಾತ್ರವಿತ್ತು. ಆದರೆ ಫಲ ಮೆಕಾಲೆ ಎಣಿಸಿದಂತೆ ಆಗಲಿಲ್ಲ. ನಮ್ಮ ಕನ್ನಡವನ್ನೇ ನೋಡಿ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಅಧ್ಯಾಪಕರೇ. ಆಳಿದವರ ಸಾಹಿತ್ಯ ಓದಿ ಇವರು ಬಿಳಿಯರ ಗುಮಾಸ್ತರಾಗಲಿಲ್ಲ. ಕನ್ನಡಕ್ಕೆ ಹೊಸ ರಕ್ತ ಹರಿಸಿದರು.

ಈ ಸರಪಳಿ ನಮ್ಮ ಸಮುದಾಯದ ಹೊಸ್ತಿಲಿಗೂ ಬಂದು ತಲುಪಿದೆ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ಪತ್ರಿಕೆಯಲ್ಲಿಯೇ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಅದರಲ್ಲೇ. ಸಾರಾ ಅವರ ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದ ವನಮಾಲಾ ವಿಶ್ವನಾಥ ಇಂಗ್ಲಿಷ್ ಪ್ರಾಧ್ಯಾಪಕಿ. ಭೂವಿಜ್ಞಾನ ಬೋಧಿಸುತ್ತಿದ್ದ ನಮ್ಮ ಕವಿ ಕೆ.ಎಸ್. ನಿಸಾರ್ ಅಹಮದ್ ಶೇಕ್ಸ್‌ಪಿಯರನ ‘ಒಥೆಲೊ’ವನ್ನು ಕನ್ನಡಕ್ಕೆ ತಂದರು. ಆಫ್ರಿಕದ ಮೂರ್ ಕುಲದ ಸೇನಾನಿಯೊಬ್ಬ ವೆನಿಸ್ ನಗರಕ್ಕಾಗಿ ಹೋರಾಡಿದರೂ ಕೊನೆಯ ತನಕ ಹೊರಗಿನವನಾಗಿಯೇ ಉಳಿಯುವ ಆ ಕಥೆಯನ್ನು ಇಂದಿನ ಭಾರತದ ಮುಸ್ಲಿಮ್ ವಿದ್ಯಾರ್ಥಿ ಓದಿದರೆ, ಅದು ನಾಲ್ಕು ಶತಮಾನ ಹಿಂದಿನ ಇಂಗ್ಲೆಂಡಿನ ನಾಟಕ ಎಂದು ಅವನಿಗೆ ಅನಿಸದು.

ಕೊಡಗಿನವರಿಗಂತೂ ಇನ್ನೊಂದು ಸಾಕ್ಷಿ ಅಂಗಳದಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು; ಕಥಾಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. 1990ರಿಂದ 2023ರ ನಡುವೆ ಬರೆದ 12 ಕಥೆಗಳ ಆ ಸಂಕಲನವನ್ನು ಇಂಗ್ಲಿಷಿಗೆ ಕೊಟ್ಟವರು ಮಡಿಕೇರಿಯ ದೀಪಾ ಭಾಸ್ತಿ. 50 ಸಾವಿರ ಪೌಂಡುಗಳ ಮೊತ್ತ ಲೇಖಕಿ ಮತ್ತು ಅನುವಾದಕಿಗೆ ಸಮಪಾಲು. ಕಥೆಗಳೊಳಗಿನ ಉರ್ದು, ಅರಬಿ, ಕನ್ನಡ ಪದಗಳನ್ನು ಓರೆ ಅಕ್ಷರಕ್ಕೆ ತಳ್ಳದೆ, ಅಡಿಟಿಪ್ಪಣಿಯ ಊರುಗೋಲು ಕೊಡದೆ ಅವರು ಇಂಗ್ಲಿಷಿನ ನಡುವೆ ತಲೆಯೆತ್ತಿ ನಿಲ್ಲಿಸಿದರು. ನಮ್ಮ ಹೆಣ್ಣುಮಕ್ಕಳು ಮನೆಯೊಳಗೆ ಆಡುವ ಮಾತು ಲಂಡನ್ನಿನ ವೇದಿಕೆ ತಲುಪಿತು.

ದೀಪಾ ಭಾಸ್ತಿಯವರಿಗೆ ನಾವು ಋಣಿಗಳು. ಮುಸ್ಲಿಮ್ ಮನೆಗಳ ಕಥೆಯನ್ನು ಮುಸ್ಲಿಮೇತರ ಮಹಿಳೆಯೊಬ್ಬರು ಇಷ್ಟು ಆಸ್ಥೆಯಿಂದ ಹೊತ್ತೊಯ್ದದ್ದು ಈ ನಾಡಿನ ಸೌಹಾರ್ದಕ್ಕೆ ಸಂದ ಗೌರವವೂ ಹೌದು. ಆದರೆ ಒಂದು ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳಬೇಕು. ಕೊಡಗಿನ ಮುಸ್ಲಿಮ್ ಮಗು ಮನೆಯಲ್ಲಿ ಮಲಯಾಳ, ಬ್ಯಾರಿ, ದಖನಿ ಉರ್ದು ಅಥವಾ ಕೊಡವ ತಕ್ಕ್ ಮಾತನಾಡುತ್ತದೆ. ಪೇಟೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್. ಹತ್ತು ವರ್ಷ ತುಂಬುವ ಮೊದಲೇ ನಾಲ್ಕು ಭಾಷೆಗಳ ನಡುವೆ ಓಡಾಡುವ ಈ ಮಗುವಿಗಿಂತ ಉತ್ತಮ ಅನುವಾದಕ ಇನ್ನೆಲ್ಲಿ ಸಿಕ್ಕಾನು? ಕೊಡವ ಮಾಪಿಳ್ಳೆಗಳ ಅಜ್ಜಿಯಂದಿರು ಹೇಳುವ ಕಥೆಗಳು, ಮದುವೆ ಮನೆಯ ಹಾಡುಗಳು, ಎಮ್ಮೆಮಾಡಿನ ಉರೂಸಿಗೆ ಕೊಡವರೂ ಬಂದು ಹರಕೆ ಒಪ್ಪಿಸುವ ಸೌಹಾರ್ದದ ನೆನಪುಗಳು ಯಾವ ಭಾಷೆಯಲ್ಲೂ ಅಚ್ಚಾಗದೆ ಒಂದೊಂದಾಗಿ ಮಣ್ಣು ಸೇರುತ್ತಿವೆ. ನಾಲ್ಕು ಭಾಷೆ ಬಲ್ಲ ಮಕ್ಕಳನ್ನು ಲೆಕ್ಕಪತ್ರದ ಮುಂದೆ ಕೂರಿಸಿ, ನಮ್ಮ ಕಥೆಯನ್ನು ಯಾರಾದರೂ ಬಂದು ಹೇಳಲಿ ಎಂದು ಕಾಯುವುದು ಯಾವ ನ್ಯಾಯ? ಹೇಳುವವರ ಮನಸ್ಸಿನಲ್ಲಿ ಪ್ರತಿ ಸಲವೂ ಪ್ರೀತಿಯೇ ಇರುತ್ತದೆ ಎಂದು ಯಾರು ಖಾತ್ರಿ ಕೊಡುತ್ತಾರೆ?

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕು. ಇಂದು ಬಾನು ಮುಷ್ತಾಕ್ ನಮ್ಮವರೆಂದು ಸನ್ಮಾನದ ಶಾಲು ಹೊದಿಸುವ ಸಮುದಾಯವೇ, 2000ದಲ್ಲಿ ಮಹಿಳೆಯರ ಮಸೀದಿ ಪ್ರವೇಶದ ಹಕ್ಕನ್ನು ಅವರು ಪ್ರತಿಪಾದಿಸಿದಾಗ ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಿತ್ತು. ಪ್ರಶಸ್ತಿ ಬಂದ ಮೇಲೆ ಚಪ್ಪಾಳೆ ತಟ್ಟಲು ಯಾರಿಗೂ ಧೈರ್ಯ ಬೇಕಾಗಿಲ್ಲ. ಬರೆಯುವ ಮಗಳು ಇನ್ನೂ ಹದಿನೆಂಟರವಳಾಗಿರುವಾಗ ಅವಳ ಬೆನ್ನಿಗೆ ನಿಲ್ಲಲು ಧೈರ್ಯ ಬೇಕು.

ಮೂರನೆಯದು ಅನ್ನದ ಆಕ್ಷೇಪ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. 2006ರ ಸಾಚಾರ್ ವರದಿಯ ಪ್ರಕಾರ ದೇಶದ ವಯಸ್ಕ ಮುಸ್ಲಿಮರಲ್ಲಿ ಪದವೀಧರರ ಪ್ರಮಾಣ ಶೇ. 4ರ ಆಸುಪಾಸಿನಲ್ಲಿತ್ತು. ಇಂತಹ ಸಮುದಾಯದ ತಂದೆಯೊಬ್ಬ, ಓದಿದ ಮಗನಿಗೆ ಕೆಲಸ ಸಿಗುವುದೇ ಎಂದು ಕೇಳಿದರೆ ಅದು ದುರಾಸೆಯಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ಕೂಡಲೇ ಸಂಬಳ ಮನೆಬಾಗಿಲಿಗೆ ಬರುತ್ತದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಸರಕಾರಿ ಕಾಲೇಜುಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ಅತಿಥಿ ಉಪನ್ಯಾಸಕರ ಪಾಡು ಎಲ್ಲರಿಗೂ ಗೊತ್ತು. ಆದರೆ ಬಾಗಿಲುಗಳನ್ನು ಎಣಿಸಿ ನೋಡಿ. ಬಿ.ಕಾಂ. ಓದುವವರಿಗೂ ಬಿ.ಎಸ್ಸಿ. ಓದುವವರಿಗೂ ಇಂಗ್ಲಿಷ್ ಪಾಠ ಇರುವುದರಿಂದ ಇಂಗ್ಲಿಷ್ ಅಧ್ಯಾಪಕರು ಬೇಡವಾದ ಕಾಲೇಜು ಇಲ್ಲ. ನೆಟ್, ಕೆಸೆಟ್ ಪರೀಕ್ಷೆಗಳು ಎಲ್ಲರಿಗೂ ತೆರೆದಿವೆ. ಬಿ.ಎಡ್. ಮಾಡಿದರೆ ಶಾಲೆಗಳಿವೆ. ಪದವಿಯ ಬಳಿಕ ಮೂರು ವರ್ಷದ ಕಾನೂನು ಓದಬಹುದು. ವಾದವನ್ನು ಓದಿ ಬಿಡಿಸಬಲ್ಲವನಿಗಿಂತ ಒಳ್ಳೆಯ ವಕೀಲ ಯಾರು? ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಹಿತ್ಯ ಐಚ್ಛಿಕ ವಿಷಯವಾಗಿ ಇದೆ. ಪತ್ರಿಕೋದ್ಯಮ, ಪ್ರಕಾಶನ, ಅನುವಾದ ಇವೆ. ಇನ್ನೊಂದು ಕಡೆ, ಆಸಕ್ತಿಯಿಲ್ಲದಿದ್ದರೂ ಸಾಲ ಮಾಡಿ ಇಂಜಿನಿಯರಿಂಗಿಗೆ ತಳ್ಳಲ್ಪಟ್ಟು, ನಾಲ್ಕು ವರ್ಷದ ಬಳಿಕ ಬಾಕಿ ಉಳಿದ ವಿಷಯಗಳ ಹೊರೆ ಹೊತ್ತು ಅಂಗಡಿಯ ಗಲ್ಲಾದಲ್ಲಿ ಕುಳಿತಿರುವ ಯುವಕರು ನಮ್ಮ ಪೇಟೆಗಳಲ್ಲಿ ಇಲ್ಲವೇ? ಆ ನಷ್ಟವನ್ನು ಯಾಕೆ ಯಾರೂ ಲೆಕ್ಕ ಹಾಕುವುದಿಲ್ಲ?

ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಇನ್ನೂ ಸೂಕ್ಷ್ಮವಾಗಿದೆ. ಅವರಿಗೆ ಬಿ.ಎ. ಇಂಗ್ಲಿಷ್ ಸುಲಭವಾಗಿ ಸಿಗುತ್ತದೆ, ಏಕೆಂದರೆ ಅದಕ್ಕೆ ಬೆಲೆಯಿಲ್ಲ ಎಂದು ಮನೆಯವರು ನಂಬಿದ್ದಾರೆ. ವರ ಸಿಗುವ ತನಕದ ಕಾಲಹರಣ ಅದು. ಸಂಬಂಧ ಕುದುರಿದರೆ ಐದನೇ ಸೆಮಿಸ್ಟರಿನಲ್ಲೇ ಪುಸ್ತಕ ಮುಚ್ಚಿಸಲಾಗುತ್ತದೆ. ಮೂರು ವರ್ಷ ತರಗತಿಯಲ್ಲಿ ಮೊದಲಿಗಳಾಗಿ ನಿಂತ ಹುಡುಗಿ ಎಂ.ಎ. ಎಂಬ ಪದ ಉಚ್ಚರಿಸಿದರೆ, ‘ಅಷ್ಟು ಓದಿದವಳಿಗೆ ಗಂಡು ಎಲ್ಲಿ ಹುಡುಕುವುದು’ ಎಂಬ ಸಿದ್ಧ ಉತ್ತರ. ವಿದ್ಯೆಯನ್ನು ಬಸ್ ನಿಲ್ದಾಣದ ಬೆಂಚಿನಂತೆ ಬಳಸುವ ಈ ಪದ್ಧತಿ ವಿದ್ಯೆಗೂ ಅವಮಾನ, ಮಗಳಿಗೂ ಅವಮಾನ. ಪ್ರವಾದಿ(ಸ)ರ ಮನೆಯಿಂದಲೇ ಆಯಿಶಾ(ರ)ರಂತಹ ವಿದುಷಿ ಹೊರಬಂದರೆಂದು ಭಾಷಣ ಮಾಡುವವರು ತಮ್ಮ ಮನೆಯ ಬಾಗಿಲನ್ನು ಒಮ್ಮೆ ನೋಡಿಕೊಳ್ಳಲಿ.

ಇಷ್ಟೆಲ್ಲ ಹೇಳುವಾಗ ಇಂಗ್ಲಿಷ್ ವಿಭಾಗಗಳನ್ನು ಪೂರ್ತಿ ದೋಷಮುಕ್ತಗೊಳಿಸಲು ಸಾಧ್ಯವಿಲ್ಲ. ಕಾದಂಬರಿಯನ್ನು ಮುಟ್ಟದೆ ಪೇಟೆಯ ಗೈಡ್ ಓದಿ, ಸಾರಾಂಶ ಕಂಠಪಾಠ ಮಾಡಿ ಪದವಿ ಪಡೆಯುವುದು ಈ ರಾಜ್ಯದಲ್ಲಿ ಹೊಸದೇನಲ್ಲ. ಹೀಗೆ ಓದಿದವರಿಗೆ ರಿಕ್ಟರನ ವಾಕ್ಯದೊಳಗಿನ ಮುಳ್ಳು ಕಾಣದು. ಆದ್ದರಿಂದ ಮಕ್ಕಳನ್ನು ಈ ವಿಷಯಕ್ಕೆ ಸೇರಿಸುವ ಹೆತ್ತವರು, ಯಾವ ಪುಸ್ತಕ ಓದಿದೆ, ಅದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಏನು ಎಂದು ಊಟದ ಹೊತ್ತಿಗೆ ಕೇಳುವಷ್ಟಾದರೂ ಕಾಳಜಿ ತೋರಬೇಕು.

ಕೊನೆಯದಾಗಿ ಸರಕಾರಗಳ ಮಾತು. ಕೊಡಗಿನ ಕಾಲೇಜುಗಳು 1980ರಿಂದ ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಮಡಿಕೇರಿಯಿಂದ ಕೊಣಾಜೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್; ನಡುವೆ ಸಂಪಾಜೆ ಘಾಟಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಆ ರಸ್ತೆಯೇ ಕಡಿದುಹೋಗಿತ್ತು. ಕುಶಾಲನಗರ ಸಮೀಪದ ಚಿಕ್ಕ ಅಳುವಾರದಲ್ಲಿದ್ದ ಸ್ನಾತಕೋತ್ತರ ಕೇಂದ್ರವನ್ನು ಆಧರಿಸಿ ಕೊಡಗು ವಿಶ್ವವಿದ್ಯಾನಿಲಯ ರೂಪುಗೊಂಡಾಗ, ಮಗಳನ್ನು ದೂರ ಕಳುಹಿಸಲು ಹಿಂಜರಿಯುವ ಮನೆಗಳಲ್ಲಿ ಒಂದು ಆಸೆ ಚಿಗುರಿತು. ಸಾಕಷ್ಟು ಅನುದಾನವಿಲ್ಲದೆ ಅದನ್ನು ಹುಟ್ಟಿಸಿದ್ದು ಹಿಂದಿನ ಸರಕಾರದ ಹೊಣೆಗೇಡಿತನ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿಯು ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವಂತೆ ಶಿಫಾರಸು ಮಾಡಿ, ಕೊಡಗನ್ನೂ ಆ ಪಟ್ಟಿಗೆ ಸೇರಿಸಿದ್ದು ಅದಕ್ಕಿಂತ ದೊಡ್ಡ ಹೊಣೆಗೇಡಿತನ. ಹಣವಿಲ್ಲ ಎಂಬುದು ಕಾರಣವಾದರೆ, ಮಳೆಗಾಲದಲ್ಲಿ ಘಾಟಿ ಇಳಿಯಲಾಗದೆ ಓದು ನಿಲ್ಲಿಸುವ ಹೆಣ್ಣುಮಕ್ಕಳ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯುತ್ತೀರಿ? ಆ ಹೆಣ್ಣುಮಕ್ಕಳು ಕೊಡವರು, ಗೌಡರು, ದಲಿತರು, ಮುಸ್ಲಿಮರು ಎಲ್ಲರೂ ಹೌದು. ಕೇಂದ್ರ ಸರಕಾರವೂ ಹಿಂದೆ ಬಿದ್ದಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಇದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಅದು ಹೇಳಿತು. ಸಾಹಿತ್ಯ, ಚರಿತ್ರೆಗಳಲ್ಲಿ ಸಂಶೋಧನೆ ಮಾಡುವ ಬಡ ಮಕ್ಕಳಿಗೆ ಕಂಪೆನಿಗಳು ಹಣ ಕೊಡುವುದಿಲ್ಲ. ಅವರಿಗೆ ಇದ್ದದ್ದು ಇಂತಹ ಆಸರೆಗಳೇ.

ಸರಕಾರಗಳನ್ನು ದೂರಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. 2011ರ ಜನಗಣತಿಯಂತೆ ಕೊಡಗಿನಲ್ಲಿ ಮುಸ್ಲಿಮರು ಶೇ. 15ಕ್ಕೂ ಅಧಿಕ. ಪ್ರತಿ ಪೇಟೆಯಲ್ಲೂ ಜಮಾಅತ್ ಇದೆ, ಪ್ರತಿ ಜಮಾಅತಿಗೂ ವಾರ್ಷಿಕ ಸಮ್ಮೇಳನಕ್ಕೆ ಹಣ ಕೂಡಿಬರುತ್ತದೆ. ಆ ಹಣದ ಒಂದು ಪಾಲಿನಿಂದ ಮದ್ರಸದ ಕೊಠಡಿಯಲ್ಲಿ ಕನ್ನಡ, ಇಂಗ್ಲಿಷ್ ಪುಸ್ತಕಗಳ ಒಂದು ಕಪಾಟು ಇಡಲಾಗದೇ? ವರ್ಷಕ್ಕೆ ಒಬ್ಬ ಹುಡುಗಿ, ಒಬ್ಬ ಹುಡುಗನ ಎಂ.ಎ. ವೆಚ್ಚ ಹೊರಲಾಗದೇ? ವೈದ್ಯಕೀಯ ಸೀಟು ಪಡೆದವರಿಗೆ ಕೊಡುವ ಸನ್ಮಾನದ ಫಲಕದಲ್ಲಿ ಸಾಹಿತ್ಯ ಓದಿದವರ ಹೆಸರನ್ನೂ ಬರೆಯಲಾಗದೇ? ಕೊಡಗು ವಿಶ್ವವಿದ್ಯಾನಿಲಯ ಉಳಿಯಬೇಕೆಂಬ ಕೂಗಿನಲ್ಲಿ ಉಳಿದ ಸಮುದಾಯಗಳೊಡನೆ ನಮ್ಮ ದನಿಯೂ ಸೇರಲಾರದೇ? ಇವು ಯಾವುವೂ ಅಸಾಧ್ಯದ ಕೆಲಸಗಳಲ್ಲ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಪದವಿ ಪ್ರವೇಶದ ಅರ್ಜಿಗಳು ಮನೆಗೆ ಬರುತ್ತವೆ. ಮಗನೋ ಮಗಳೋ ಇಂಗ್ಲಿಷ್ ಸಾಹಿತ್ಯ ಎಂದು ಬರೆದ ಅರ್ಜಿ ತಂದು ಮುಂದಿಟ್ಟರೆ, ಅದಕ್ಕೆ ಸಹಿ ಹಾಕುವ ಮುನ್ನ ನಾಲ್ಕುನಾಡಿನ ಆ ಕಾಫಿಯ ಕಥೆಯನ್ನು ನೆನಪಿಸಿಕೊಳ್ಳಿ. ಬೀಜ ತಂದವರು ನಮ್ಮವರಿರಬಹುದು. ಕಥೆ ಬರೆದವರು ಬೇರೆಯವರಾದ್ದರಿಂದ ನಮ್ಮ ಪಾಲಿಗೆ ಉಳಿದದ್ದು ಕಪಟಿ ಎಂಬ ಹೆಸರು. ನೂರೈವತ್ತು ವರ್ಷಗಳ ಬಳಿಕವೂ ಅದನ್ನು ಓದಿ ಪ್ರಶ್ನಿಸಬಲ್ಲ ಒಬ್ಬನನ್ನೂ ತಯಾರು ಮಾಡದಿದ್ದರೆ, ತಪ್ಪು ರಿಕ್ಟರನದು ಮಾತ್ರ ಎಂದು ಹೇಳಲು ನಮಗೆ ಬಾಯಿ ಇರುವುದಿಲ್ಲ.